ಮಾತು ಕೇಳುವ ಅಡುಗೆಮನೆಗೆ ದುಡ್ಡು ಹಾಕಬಹುದಾ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ಮನೆಯಲ್ಲಿ ನಾನು, ನಮ್ಮ ಯಜಮಾನರು, 71 ವರ್ಷದ ಅತ್ತೆ. ಮೂವತ್ತು ವರ್ಷದ ಹಳೆಯ ಅಡುಗೆಮನೆಯನ್ನು ಹೊಸದಾಗಿ ಮಾಡಿಸುತ್ತಿದ್ದೇವೆ. ಮುಂದಿನ ವಾರ ಗೋಡೆಗೆ ಟೈಲ್ಸ್ ಹಾಕುತ್ತಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ, 'ತಗೊಳ್ಳೋದಾದ್ರೆ ಎಲ್ಲಾ ಮಾತಿಗೆ ಕೇಳುವಂಥದ್ದೇ ತಗೊಳ್ಳಿ ಅಮ್ಮ, ಅಜ್ಜಿಗೂ ಅನುಕೂಲ' ಅನ್ನುತ್ತಾನೆ. ಚಿಮಣಿ, ಮೈಕ್ರೊವೇವ್ ಓವನ್, ಇಂಡಕ್ಷನ್ ಒಲೆ ಮೂರನ್ನೂ ಆ ಥರದ್ದೇ ತಗೊಂಡರೆ ಮಾಮೂಲಿಗಿಂತ ಸುಮಾರು 35 ಸಾವಿರ ಜಾಸ್ತಿ ಆಗುತ್ತದೆ ಎಂದು ಅಂಗಡಿಯವರು ಲೆಕ್ಕ ಕೊಟ್ಟಿದ್ದಾರೆ. ಅತ್ತೆಗೆ ಬೆರಳ ಗೆಣ್ಣು ನೋವು, ಕಣ್ಣೂ ಸ್ವಲ್ಪ ಮಂದ. ಬೆಳಗಿನ ಅಡುಗೆ ಇವತ್ತಿಗೂ ಅವರದ್ದೇ. ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಇದಕ್ಕೆಲ್ಲ ದುಡ್ಡು ಹಾಕಬಹುದಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಆ 35 ಸಾವಿರ ಹಾಕಬೇಡಿ. ಹಾಗಂತ ಮಗನ ಮಾತನ್ನು ಪೂರ್ತಿ ತಳ್ಳಿಹಾಕಲೂ ಬೇಡಿ. ಮಾತು ಕೇಳುವ ಒಂದು ಸಾಧನದಿಂದ ನಿಮ್ಮ ಅತ್ತೆಗೆ ನಿಜಕ್ಕೂ ಉಪಯೋಗ ಇದೆ. ಅದು ಓವನ್ ಒಳಗೋ ಒಲೆಯ ಒಳಗೋ ಕೂತಿರಬೇಕಾಗಿಲ್ಲ. ಬೇರೆಯಾಗಿ ಮಾತು ಕೇಳುವ ಒಂದು ಸ್ಪೀಕರ್, ಒಂದೆರಡು ಸ್ಮಾರ್ಟ್ ಪ್ಲಗ್ (ಸಾಕೆಟ್‌ಗೂ ಉಪಕರಣಕ್ಕೂ ನಡುವೆ ಹಾಕುವ, ಫೋನ್‌ನಿಂದಲೋ ಮಾತಿನಿಂದಲೋ ಆನ್-ಆಫ್ ಮಾಡಬಹುದಾದ ಪ್ಲಗ್) ಇಟ್ಟುಕೊಂಡರೆ ಏಳೆಂಟು ಸಾವಿರದಲ್ಲಿ ಮುಗಿಯುತ್ತದೆ. ಅದನ್ನೂ ಇವತ್ತೇ ತಗೊಳ್ಳಬೇಡಿ. ಮೊದಲು ಎರಡು ವಾರ ಪುಕ್ಕಟೆಯಾಗಿ ಮಾಡಿ ನೋಡುವ ದಾರಿ ಇದೆ, ಮುಂದೆ ಹೇಳುತ್ತೇನೆ.

ನಾನು 20 ವರ್ಷಕ್ಕೂ ಮೇಲ್ಪಟ್ಟು ಅಡುಗೆಮನೆ ಉಪಕರಣಗಳ ರಿಪೇರಿ ಮಾಡಿಕೊಂಡು ಬಂದವನು. ಈಗ ಏಳೆಂಟು ವರ್ಷದಿಂದ ಮನೆಗಳಿಗೆ ಸ್ಮಾರ್ಟ್ ಸ್ವಿಚ್, ಪ್ಲಗ್ ಕೂಡಿಸುವ ಕೆಲಸವೂ ಸೇರಿಕೊಂಡಿದೆ. ಹೊಸ ವಸ್ತು ಬಂದ ಮೊದಲ ವಾರ ಮನೆಯವರೆಲ್ಲ ಅದರ ಜೊತೆ ಮಾತಾಡುತ್ತಾರೆ. ಮೂರು ತಿಂಗಳು ಕಳೆದು ಬೇರೆ ಯಾವುದೋ ಕೆಲಸಕ್ಕೆ ಅದೇ ಮನೆಗೆ ಹೋದಾಗ ನಾನು ಕೇಳುತ್ತೇನೆ, 'ಈಗಲೂ ಅದಕ್ಕೆ ಮಾತಾಡ್ತೀರಾ?' ಬಹಳ ಮನೆಗಳಲ್ಲಿ ಬರುವ ಉತ್ತರ ಒಂದೇ: 'ಟೈಮರ್‌ಗೆ, ಹಾಡಿಗೆ.' ಓವನ್‌ಗೆ ಮಾತಿನಲ್ಲೇ ಕೆಲಸ ಹೇಳುವವರು ನನಗೆ ಸಿಕ್ಕಿದ್ದು ತೀರಾ ಕಡಿಮೆ.

ಯಾಕೆ ಹೀಗೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2018ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಕಂಪನಿ ಅಮೆರಿಕದಲ್ಲಿ 60 ಡಾಲರಿನ ಒಂದು ಮೈಕ್ರೊವೇವ್ ಪ್ರಕಟಿಸಿತು. ಹತ್ತಿರದಲ್ಲಿ ಅದೇ ಕಂಪನಿಯ, 'ಅಲೆಕ್ಸಾ' ಎಂದು ಕರೆದರೆ ಓಗೊಡುವ ಎಕೋ ಸ್ಪೀಕರ್ ಇದ್ದರೆ ಅದರ ಮೂಲಕ ಮಾತು ಕೇಳುತ್ತಿತ್ತು. ಎರಡು ನಿಮಿಷ ಬಿಸಿ ಮಾಡು ಅಂದರೆ ಮಾಡುತ್ತಿತ್ತು. ಕೇಳಲು ಚೆನ್ನಾಗಿದೆ ಅಲ್ವಾ? ಈಗ ನಿಮ್ಮ ಮನೆಯ ಮೈಕ್ರೊವೇವ್ ಮುಂದೆ ನಿಂತುಕೊಳ್ಳಿ. ಸಾರಿನ ಬಟ್ಟಲು ಹಿಡಿದು ಅಲ್ಲಿಗೆ ಹೋಗಬೇಕು. ಬಾಗಿಲು ತೆಗೆಯಬೇಕು. ಬಟ್ಟಲು ಒಳಗಿಟ್ಟು ಬಾಗಿಲು ಮುಚ್ಚಬೇಕು. ಅಷ್ಟು ಹೊತ್ತಿಗೆ ನಿಮ್ಮ ಕೈ ಬಟನ್‌ನಿಂದ ನಾಲ್ಕು ಬೆರಳು ದೂರದಲ್ಲಿರುತ್ತದೆ. ಒತ್ತುವ ಬದಲು ಬಾಯಲ್ಲಿ ಹೇಳಿದರೆ ಉಳಿದದ್ದೇನು?

ಹಾಗಾಗಿ ಯಾರು ಕೇಳಿದರೂ ನಾನು ಹೇಳುವುದು ಇಷ್ಟು. ಆ ವಸ್ತುವಿನ ಹತ್ತಿರ ಕೈ ಹೇಗೂ ಹೋಗಲೇಬೇಕಾ? ಹೋಗಲೇಬೇಕಾದರೆ ಮಾತಿನಿಂದ ಲಾಭವಿಲ್ಲ. ಕೈ ಹೋಗುವ ಅಗತ್ಯವೇ ಇಲ್ಲ, ಅಥವಾ ಹೋಗಬೇಕು ಆದರೆ ಕೈ ಬಿಡುವಾಗಿಲ್ಲ ಅನ್ನುವ ಕಡೆ ಮಾತ್ರ ಮಾತು ಕೆಲಸಕ್ಕೆ ಬರುತ್ತದೆ.

ಇದನ್ನು ನಿಮ್ಮ ಪಟ್ಟಿಗೆ ಹಚ್ಚಿ ನೋಡಿ. ಮಿಕ್ಸಿ, ಗ್ರೈಂಡರ್‌ಗೆ ಕಾಯಿ, ಅಕ್ಕಿ, ನೀರು ಎಲ್ಲ ಕೈಯಲ್ಲೇ ಹಾಕಬೇಕು, ನಡುನಡುವೆ ಮುಚ್ಚಳ ತೆಗೆದು ಕೆರೆಯಬೇಕು. ಮಾತು ಬೇಡ. ಇಂಡಕ್ಷನ್ ಮೇಲೆ ಪಾತ್ರೆ ಇಡುವುದೂ ಕೈಯೇ. ಫ್ರಿಜ್‌ಗೆ ಮಾತಿನಲ್ಲಿ ಹೇಳುವಂಥ ಕೆಲಸವೇ ಇಲ್ಲ. ಚಿಮಣಿ ಸ್ವಲ್ಪ ಬೇರೆ. ಒಗ್ಗರಣೆ ಹಾಕುವಾಗ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಕರಿಬೇವು. ಚಿಮಣಿಯ ಬಟನ್ ತಲೆಯ ಎತ್ತರಕ್ಕೆ, ಒಲೆಯ ಮೇಲಿನಿಂದ ಕೈ ಚಾಚಿ ಒತ್ತಬೇಕು. ಅಲ್ಲಿ ಮಾತಿಗೆ ಅರ್ಥ ಇದೆ. ಆದರೆ ಕೈ ಬೀಸಿದರೆ ಓಡುವ ಸೆನ್ಸರ್ ಇರುವ ಚಿಮಣಿ ಈಗ ಮಾಮೂಲಾಗಿ ಸಿಗುತ್ತದೆ. ನಿಮ್ಮ ಮನೆಗೆ ಅಷ್ಟು ಸಾಕು. ಮೇಲಾಗಿ ಚಿಮಣಿಯ ನಿಜವಾದ ಕಷ್ಟ ಶುರು ಮಾಡುವುದಲ್ಲ, ಎಣ್ಣೆ ಜಿಡ್ಡು ಹಿಡಿದ ಫಿಲ್ಟರ್ ತೊಳೆಯುವುದು. ಅದನ್ನು ಯಾವ ಮಾತೂ ತೊಳೆಯುವುದಿಲ್ಲ. ಅತ್ತೆ ಒಬ್ಬರೇ ಬಿಚ್ಚಲಾಗದಷ್ಟು ಭಾರದ ಫಿಲ್ಟರ್ ಇರುವ ಚಿಮಣಿ ಬೇಡ. ಅಂಗಡಿಯಲ್ಲೇ ಬಿಚ್ಚಿ ತೋರಿಸಲು ಹೇಳಿ.

ಹಾಗಾದರೆ ಮಾತು ಎಲ್ಲಿ ಬೇಕು? ನಾನು ಕಣ್ಣಾರೆ ಕಂಡ ಒಂದು ಅಡುಗೆಮನೆ ಹೇಳುತ್ತೇನೆ. ತೀರ್ಥಹಳ್ಳಿ ಕಡೆಯ ಮನೆ. ಅಲ್ಲಿನ ಅಮ್ಮನಿಗೆ 66 ವರ್ಷ. ನಾನು ಗ್ರೈಂಡರ್ ಬೆಲ್ಟ್ ಹಾಕಲು ಹೋಗಿದ್ದೆ. ಅವರು ಅಕ್ಕಿ ರೊಟ್ಟಿಗೆ ಉಕ್ಕರಿಸಿದ ಹಿಟ್ಟು ನಾದುತ್ತಿದ್ದರು. ಬಿಸಿ ಹಿಟ್ಟು, ಮೊಣಕೈವರೆಗೆ ಅಂಟಿತ್ತು. ಒಂದು ಒಲೆಯಲ್ಲಿ ಹಾಲು, ಇನ್ನೊಂದರಲ್ಲಿ ಕುಕ್ಕರ್. ಹಿತ್ತಲಲ್ಲಿ ನೀರಿನ ಮೋಟರ್ ಓಡುತ್ತಿತ್ತು. ಅವರು ತಲೆ ಎತ್ತದೆ ಹೇಳಿದರು: 'ಅಲೆಕ್ಸಾ, ಮಿಲ್ಕ್ ಟೈಮರ್, ಸಿಕ್ಸ್ ಮಿನಿಟ್ಸ್.' ಸ್ವಲ್ಪ ತಡೆದು, 'ಅಲೆಕ್ಸಾ, ಮೋಟರ್ ಟೈಮರ್, ಟ್ವೆಂಟಿ ಮಿನಿಟ್ಸ್.' ಎರಡಕ್ಕೂ ಅದು ಹೂಂಗುಟ್ಟಿತು. ಆರು ನಿಮಿಷಕ್ಕೆ ಹಾಲಿನ ಹೆಸರು ಹೇಳಿಯೇ ಕೂಗಿತು. ಅವರು ಮೊಣಕೈಯಿಂದ ಗ್ಯಾಸ್ ನಾಬ್ ತಿರುಗಿಸಿ ಉರಿ ಸಣ್ಣ ಮಾಡಿ, ಮತ್ತೆ ಹಿಟ್ಟಿಗೆ ಕೈ ಹಾಕಿದರು. ಹಾಲು ಉಕ್ಕಲಿಲ್ಲ. ಟ್ಯಾಂಕ್ ತುಂಬಿ ಅಂಗಳಕ್ಕೆ ಹರಿಯಲಿಲ್ಲ. 'ಮುಂಚೆ ವಾರಕ್ಕೆರಡು ಸಲ ಹಾಲು ಉಕ್ಕಿಸ್ತಿದ್ದೆ ಮಾರಾಯ್ರೆ, ಒಲೆ ಉಜ್ಜಿ ಉಜ್ಜಿ ಸಾಕಾಗಿತ್ತು' ಅಂದರು.

ಅಲ್ಲಿ ಸ್ಪೀಕರ್ ಒಲೆಯನ್ನು ಮುಟ್ಟಲೇ ಇಲ್ಲ ನೋಡಿ. ಒಲೆ ಮಾಮೂಲಿ ಗ್ಯಾಸ್ ಒಲೆ. ಮೋಟರ್ ಮಾಮೂಲಿ ಮೋಟರ್. ಅವರ ತಲೆಯಲ್ಲಿದ್ದ ಎರಡು ಲೆಕ್ಕವನ್ನು ಅದು ಇಟ್ಟುಕೊಂಡಿತು, ಅಷ್ಟೇ. ನನ್ನ ಅನುಭವದಲ್ಲಿ ಅಡುಗೆಮನೆಯಲ್ಲಿ ಮಾತಿನ ಸಾಧನದ ಅರ್ಧಕ್ಕಿಂತ ಜಾಸ್ತಿ ಬೆಲೆ ಇದರಲ್ಲೇ ಇದೆ. ಬೇರೆ ಬೇರೆ ಹೆಸರಿನ ಟೈಮರ್, ಮುಗಿದುಹೋದ ಸಾಮಾನಿನ ಪಟ್ಟಿ, ಮಾತ್ರೆ ನೆನಪಿಸುವುದು, ಬೆಳಗಿನ ಸುಪ್ರಭಾತ. ಕೈಯಲ್ಲಿ ಹಿಟ್ಟಿರುವಾಗ 'ಉದ್ದಿನಬೇಳೆ ಮುಗೀತು' ಅಂತ ಪಟ್ಟಿಗೆ ಸೇರಿಸುವುದು ಸಣ್ಣ ಕೆಲಸವೆನಿಸಬಹುದು. ಆದರೆ ಅದು ದಿನಾ ಇರುವ ಕೆಲಸ.

ಈಗ ಭಾಷೆಯ ವಿಷಯ. ನಿಮ್ಮ ಪ್ರಶ್ನೆಯ ಗಟ್ಟಿ ಗಂಟು ಇದೇ. ಎಕೋ ಸ್ಪೀಕರ್ ಭಾರತಕ್ಕೆ ಬಂದದ್ದು 2017ರ ಕೊನೆಗೆ, ಇಂಗ್ಲಿಷ್‌ನಲ್ಲಿ. 2019ರಲ್ಲಿ ಹಿಂದಿ ಸೇರಿತು. ಅಂಗಡಿಯವರು ನಿಮಗೆ ತೋರಿಸಿದ ಓವನ್, ಒಲೆಗಳೂ ಸಾಮಾನ್ಯವಾಗಿ ಇಂಥ ಸ್ಪೀಕರ್ ಮೂಲಕವೇ ಮಾತು ಕೇಳುವಂಥವು. ಅಂದರೆ ಅತ್ತೆ ತಮ್ಮ ಕನ್ನಡದಲ್ಲಿ 'ಸ್ವಲ್ಪ ಉರಿ ಸಣ್ಣ ಮಾಡು' ಅಂದರೆ ಒಲೆ ಕೇಳುವುದಿಲ್ಲ. ಮಗ ಬಂದಾಗ ಕೇಳುತ್ತದೆ, ಅವನು ಹೋದ ಮೇಲೆ ಸುಮ್ಮನಾಗುತ್ತದೆ. ದಿನಾ ಅಡುಗೆ ಮಾಡುವವರ ಮಾತು ಕೇಳದ ಒಲೆಗೆ 'ಅಜ್ಜಿಗೂ ಅನುಕೂಲ' ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಫೋನ್ ಈ ವಿಷಯದಲ್ಲಿ ಮುಂದಿದೆ. ಗೂಗಲ್‌ನ ಧ್ವನಿ ಟೈಪಿಂಗ್ 2017ರ ಆಗಸ್ಟ್‌ನಲ್ಲೇ ಕನ್ನಡ ಕಲಿತಿತ್ತು. 2024ರ ಜೂನ್‌ನಲ್ಲಿ ಗೂಗಲ್‌ನದೇ ಎಐ ಸಹಾಯಕವಾದ ಜೆಮಿನಿ ಆ್ಯಪ್ ಕನ್ನಡವೂ ಸೇರಿ 9 ಭಾರತೀಯ ಭಾಷೆಗಳಲ್ಲಿ ಬಂತು. ನಾನು ಹೇಳಿದ ಪುಕ್ಕಟೆ ದಾರಿ ಇದು. ಮನೆಯಲ್ಲಿ ಬಿದ್ದಿರುವ ಹಳೆ ಫೋನ್ ಒಂದನ್ನು ಚಾರ್ಜರ್ ಸಮೇತ ಅಡುಗೆಮನೆಯ ಗೋಡೆಗೆ, ಒಲೆಯಿಂದ ನಾಲ್ಕಡಿ ಆಚೆ, ನೀರು ಹಾರದ ಕಡೆ ನಿಲ್ಲಿಸಿ. ಅದರ ಧ್ವನಿ ಸಹಾಯಕದ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ. 'ಹತ್ತು ನಿಮಿಷಕ್ಕೆ ಟೈಮರ್ ಇಡು' ಅನ್ನುವುದನ್ನು ಅತ್ತೆಗೆ ಹೇಳಿಕೊಡಿ. ಎರಡು ವಾರ ಬಿಡಿ. ನೀವು ನೆನಪಿಸದೆ ಅವರೇ ದಿನಕ್ಕೆ ಎರಡು ಮೂರು ಸಲ ಮಾತಾಡಿದರೆ ಸ್ಪೀಕರ್ ತಗೊಳ್ಳಿ. ಫೋನ್ ಹಾಗೇ ಧೂಳು ಹಿಡಿದರೆ ಸ್ಪೀಕರ್ ಕೂಡ ಧೂಳು ಹಿಡಿಯುತ್ತದೆ.

ಸ್ಪೀಕರ್ ತಗೊಂಡರೂ ಭಯ ಬೇಡ. ನಮ್ಮ ಹಿರಿಯರಿಗೆ ಐದಾರು ಇಂಗ್ಲಿಷ್ ಪದ ಕಲಿಯುವುದು ಕಷ್ಟವೇನಲ್ಲ. ಟೈಮರ್, ಮಿನಿಟ್, ಸ್ಟಾಪ್, ಆನ್, ಆಫ್. ಇವೆಲ್ಲ ನಮ್ಮ ಮನೆಮಾತಿನಲ್ಲಿ ಆಗಲೇ ಸೇರಿಹೋಗಿವೆ. ಇನ್ನೊಂದು ಉಪಾಯ ಹೇಳುತ್ತೇನೆ, ನಾನು ಎಷ್ಟೋ ಮನೆಗಳಲ್ಲಿ ಮಾಡಿದ್ದು. ಆ್ಯಪ್‌ನಲ್ಲಿ ಪ್ರತಿ ಪ್ಲಗ್‌ಗೂ ಹೆಸರು ಕೊಡಬೇಕು. ಅಲ್ಲಿ 'ಕಿಚನ್ ಲೈಟ್ ಒನ್' ಅಂತೆಲ್ಲ ಕೊಡಬೇಡಿ. ದೀಪಕ್ಕೆ 'ದೀಪಾ' ಅಂತ ಕೊಡಿ. ನೀರಿಗೆ ಸಂಬಂಧಪಟ್ಟದ್ದಕ್ಕೆ 'ಗಂಗಾ' ಅನ್ನಿ. ಇವು ಮನುಷ್ಯರ ಹೆಸರೂ ಆಗಿರುವುದರಿಂದ ಯಂತ್ರ ಚೆನ್ನಾಗಿ ಹಿಡಿಯುತ್ತದೆ, ಅಜ್ಜಿಯರ ನಾಲಿಗೆಗೂ ಸಲೀಸು. 'ಅಲೆಕ್ಸಾ, ದೀಪಾ ಆನ್' ಅಂದರೆ ಮುಗಿಯಿತು.

ಮಾತನ್ನು ಯಂತ್ರದ ಒಳಗೇ ಕೊಳ್ಳಬೇಡಿ ಅನ್ನುವುದಕ್ಕೆ ನನ್ನ ದೊಡ್ಡ ಕಾರಣ ಇನ್ನೊಂದಿದೆ, ಆಯುಷ್ಯ. ಒಳ್ಳೆ ಮೈಕ್ರೊವೇವ್ ಹತ್ತು ವರ್ಷ ಬಾಳುತ್ತದೆ. ಚೆನ್ನಾಗಿ ನೋಡಿಕೊಂಡ ಗ್ರೈಂಡರ್ ಇಪ್ಪತ್ತು ವರ್ಷವೂ ಓಡುತ್ತದೆ, ನನ್ನ ಕೈಯಲ್ಲೇ ಅಂಥವು ಎಷ್ಟೋ ಹೋಗಿವೆ. ಒಳಗಿನ ಮಾತಿನ ವ್ಯವಸ್ಥೆ ನಿಂತಿರುವುದು ಕಂಪನಿಯ ಸರ್ವರ್ ಮೇಲೆ, ಅಂದರೆ ಇಂಟರ್ನೆಟ್ ಮೂಲಕ ಕೆಲಸ ಮಾಡುವ ಅವರ ಕಂಪ್ಯೂಟರ್ ಮೇಲೆ. ಅದನ್ನು ಅವರು ಯಾವಾಗ ಬೇಕಾದರೂ ನಿಲ್ಲಿಸಬಹುದು. 2016ರ ಮೇ ತಿಂಗಳಲ್ಲಿ ಮನೆಯ ದೀಪ, ಸ್ವಿಚ್‌ಗಳನ್ನು ಫೋನ್‌ನಿಂದ ನಡೆಸುವ, ಅಮೆರಿಕದ ರಿವಾಲ್ವ್ ಎಂಬ ಸಾಧನಕ್ಕೆ ಹಾಗೇ ಆಯಿತು. ಸುಮಾರು 300 ಡಾಲರ್ ಕೊಟ್ಟು ತಗೊಂಡಿದ್ದ ಡಬ್ಬ, ಸರ್ವರ್ ನಿಂತ ದಿನ ಬರೀ ಡಬ್ಬವಾಯಿತು. 2022ರ ಏಪ್ರಿಲ್‌ನಲ್ಲಿ ಅಂಥದ್ದೇ ಸಾಧನ ಮಾಡುತ್ತಿದ್ದ ಇನ್‌ಸ್ಟಿಯಾನ್ ಕಂಪನಿ ಹೇಳದೆ ಕೇಳದೆ ಸರ್ವರ್ ಬಂದ್ ಮಾಡಿತು. ಆಮೇಲೆ ಅದರ ಗಿರಾಕಿಗಳಲ್ಲೇ ಕೆಲವರು ಸೇರಿ ಕಂಪನಿ ಕೊಂಡು ಮತ್ತೆ ನಡೆಸಿದರು ಅನ್ನುವುದು ಬೇರೆ ಮಾತು. ಸ್ಪೀಕರ್ ಬೇರೆ ಇದ್ದರೆ ಐದು ವರ್ಷಕ್ಕೆ ಅದನ್ನಷ್ಟೇ ಬದಲಾಯಿಸುತ್ತೀರಿ. ಓವನ್ ಒಳಗೇ ಇದ್ದರೆ ಜಾಸ್ತಿ ಕೊಟ್ಟ ಹನ್ನೆರಡು ಸಾವಿರ ಓವನ್ ಜೊತೆಗೇ ಮುದುಕಾಗುತ್ತದೆ.

ರಿಪೇರಿಯವನಾಗಿ ಇನ್ನೊಂದನ್ನೂ ಹೇಳಬೇಕು. ಮಾಮೂಲಿ ಮೈಕ್ರೊವೇವ್‌ಗೆ ಫ್ಯೂಸ್, ಬಾಗಿಲಿನ ಸ್ವಿಚ್, ಟರ್ನ್‌ಟೇಬಲ್ ಮೋಟರ್ ಯಾವುದು ಹೋದರೂ ಶಿವಮೊಗ್ಗದಲ್ಲೇ ಮಾಡಿಕೊಡುವವರಿದ್ದಾರೆ. ವೈಫೈ ಬೋರ್ಡ್ ಹೋದರೆ ಬೋರ್ಡ್ ತರಿಸಬೇಕು, ಕಾಯಬೇಕು, ಅದರ ಬೆಲೆ ಕೇಳಿ ಹೊಸದೇ ತಗೊಳ್ಳೋಣ ಅನಿಸುತ್ತದೆ. ಅಡುಗೆಮನೆಯ ಹಬೆ, ಎಣ್ಣೆ, ಜಿರಳೆ ಮೂರೂ ಬೋರ್ಡ್‌ಗಳಿಗೆ ಶತ್ರುಗಳೇ.

ಈಗ ಅಪಾಯದ ಮಾತು. ಬಿಸಿಯಾಗುವುದು, ತಿರುಗುವುದು ಯಾವುದನ್ನೂ ಕಣ್ಣಿಗೆ ಕಾಣದ ಕಡೆಯಿಂದ ಮಾತಿನಲ್ಲಿ ಶುರು ಮಾಡಬಾರದು. ನಿಲ್ಲಿಸುವುದು ಸರಿ, ಶುರು ಮಾಡುವುದು ಬೇಡ. ನಮ್ಮ ಮನೆಯಲ್ಲೂ ಇದೇ ನಿಯಮ. 2019ರಲ್ಲಿ ಅಮೆರಿಕದಲ್ಲಿ ಜೂನ್ ಎಂಬ ಹೆಸರಿನ ಸ್ಮಾರ್ಟ್ ಓವನ್‌ಗಳು ಕೆಲವು ಮನೆಗಳಲ್ಲಿ ನಡುರಾತ್ರಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗಿ ನಿಂತಿದ್ದವು. ಫೋನ್‌ನಲ್ಲಿ ಗೊತ್ತಿಲ್ಲದೆ ಒತ್ತಿಹೋಗಿದೆ ಎಂದು ಕಂಪನಿ ಹೇಳಿತು. ಇರಬಹುದು. ಕೈಯಿಂದ ಬಟನ್ ಒತ್ತುವ ಓವನ್ ಆಗಿದ್ದರೆ ಎಲ್ಲರೂ ಮಲಗಿರುವಾಗ ಅದನ್ನು ಯಾರೂ ತಪ್ಪಿ ಒತ್ತುತ್ತಿರಲಿಲ್ಲ. ಸ್ಪೀಕರ್‌ಗೆ ಮನೆಯವರ ದನಿಯೇ ಬೇಕೆಂದೂ ಇಲ್ಲ. 2017ರ ಏಪ್ರಿಲ್‌ನಲ್ಲಿ ಬರ್ಗರ್ ಕಿಂಗ್‌ನ ಒಂದು ಟಿ.ವಿ. ಜಾಹೀರಾತು ಬೇಕಂತಲೇ 'ಓಕೆ ಗೂಗಲ್' ಅಂದು, ನೋಡುವವರ ಮನೆಯ ಸ್ಪೀಕರ್‌ಗಳನ್ನು ಮಾತಾಡಿಸಿತ್ತು. ಸಂಜೆ ಸೀರಿಯಲ್ ಹಾಕಿಕೊಂಡು ಅಡುಗೆ ಮಾಡುವ ಮನೆಯಲ್ಲಿ ಒಲೆಯೂ ಮಾತಿಗೆ ಓಗೊಡುತ್ತಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಒಳ್ಳೆ ಓವನ್‌ಗಳಲ್ಲಿ ಒಂದು ಭದ್ರತೆ ಇರುತ್ತದೆ. ದೂರದಿಂದ ಶುರು ಮಾಡಬೇಕಾದರೆ ಮೊದಲು ಓವನ್ ಹತ್ತಿರ ಹೋಗಿ ಅದರ ಮೇಲಿನ ಒಂದು ಬಟನ್ ಒತ್ತಿರಬೇಕು. ಹತ್ತಿರ ಹೋಗಿ ಬಟನ್ ಒತ್ತುವುದೇ ಆದರೆ ಮಾತು ಯಾಕೆ ಅಂತ ನೀವೇ ಕೇಳುತ್ತೀರಿ.

ಸ್ಮಾರ್ಟ್ ಪ್ಲಗ್ ಬಗ್ಗೆಯೂ ಎಚ್ಚರ ಇರಲಿ. ಅಗ್ಗಕ್ಕೆ ಸಿಗುತ್ತದೆಂದು ಎಲ್ಲದಕ್ಕೂ ಹಾಕಿಬಿಡುತ್ತಾರೆ. ಹೋದ ವರ್ಷ ಒಂದು ಮನೆಯವರು 'ಗೀಸರ್ ಕೆಲಸ ಮಾಡ್ತಿಲ್ಲ' ಅಂತ ಕರೆದಿದ್ದರು. ಗೀಸರ್ ಚೆನ್ನಾಗಿಯೇ ಇತ್ತು. ಅದಕ್ಕೆ ಹಾಕಿದ್ದ 10 ಆಂಪ್‌ನ ಪ್ಲಗ್ ಎಳೆದರೆ ಬರಲಿಲ್ಲ. ಬಲವಾಗಿ ಎಳೆದಾಗ ಬಿಳಿ ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಎಳೆ ಬಿಟ್ಟುಕೊಂಡು ಬಂತು. ಒಂದು ಪಿನ್ ಕಂದು ತಿರುಗಿತ್ತು. ಸುಟ್ಟ ವಾಸನೆ ಎರಡು ದಿನದಿಂದ ಬರುತ್ತಿತ್ತಂತೆ, ಅವರು ಸೊಳ್ಳೆ ಬತ್ತಿ ಅಂದುಕೊಂಡಿದ್ದರು.

ಲೆಕ್ಕ ಸುಲಭ. ನಮ್ಮ ಮನೆಯ ಕರೆಂಟ್ 230 ವೋಲ್ಟ್. ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. 2000 ವ್ಯಾಟ್ ಗೀಸರ್ ಅಥವಾ ಇಂಡಕ್ಷನ್ ಅಂದರೆ ಹತ್ತಿರಹತ್ತಿರ 9 ಆಂಪ್. ಕಾಗದದ ಮೇಲೆ 10 ಆಂಪ್ ಪ್ಲಗ್ ಸಾಕಾಗುತ್ತದೆ, ಆದರೆ ಸಡಿಲ ಸಾಕೆಟ್‌ನಲ್ಲಿ ಅರ್ಧ ಗಂಟೆ ಎಡೆಬಿಡದೆ ಎಳೆದರೆ ಕರಗುತ್ತದೆ. 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ ಅಂತೂ 13 ಆಂಪ್ ದಾಟುತ್ತದೆ. ಬಿಸಿ ಮಾಡುವ ಯಾವುದಕ್ಕೇ ಆಗಲಿ ಪ್ಲಗ್ ಹಾಕಲೇಬೇಕೆಂದರೆ 16 ಆಂಪ್‌ನದೇ ಇರಲಿ, ದೊಡ್ಡ ಪವರ್ ಸಾಕೆಟ್‌ಗೇ ಹಾಕಿ. ನೀರಿನ ಮೋಟರ್‌ಗೆ ಮಾತ್ರ ಬೇಡವೇ ಬೇಡ. ಮೋಟರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಪ್ಲಗ್ ಒಳಗಿನ ರಿಲೇ ಎಂಬ ಸಣ್ಣ ಸ್ವಿಚ್ ಆ ಹೊಡೆತಕ್ಕೆ ಅಂಟಿಕೊಂಡುಬಿಡುತ್ತದೆ. ಆಮೇಲೆ ಆಫ್ ಅಂದರೂ ಆಫ್ ಆಗುವುದಿಲ್ಲ. ಟ್ಯಾಂಕ್ ತುಂಬಿದಾಗ ತಾನೇ ನಿಲ್ಲಿಸುವ ವಾಟರ್ ಲೆವೆಲ್ ಕಂಟ್ರೋಲರ್ ಇದೆಯಲ್ಲ, ಅದನ್ನು ಹಾಕಿಸಿ. ಅದಕ್ಕೆ ಇಂಟರ್ನೆಟ್ಟೂ ಬೇಡ, ಮಾತೂ ಬೇಡ.

ಕರೆಂಟ್ ಹೋಗಿ ಬರುವುದು ನಮ್ಮ ಕಡೆ ಮಳೆಗಾಲದ ದಿನಚರಿ. ಅದಕ್ಕೊಂದು ಸೆಟ್ಟಿಂಗ್ ಇದೆ, ಬಹಳ ಜನ ನೋಡುವುದಿಲ್ಲ. ಕರೆಂಟ್ ವಾಪಸ್ ಬಂದಾಗ ಪ್ಲಗ್ ಏನು ಮಾಡಬೇಕು? ಆನ್ ಆಗಬೇಕಾ, ಆಫ್ ಇರಬೇಕಾ, ಮೊದಲು ಹೇಗಿತ್ತೋ ಹಾಗಾ? ಎಷ್ಟೋ ಪ್ಲಗ್‌ಗಳು 'ಮೊದಲಿನ ಹಾಗೆ' ಅಂತಲೇ ಬರುತ್ತವೆ. ನೀರು ಕಾಯಿಸುವಾಗ ಕರೆಂಟ್ ಹೋಯಿತು, ನೀವು ಬಾಗಿಲು ಹಾಕಿ ಸ್ಕೂಲಿಗೆ ಹೊರಟಿರಿ, ಹನ್ನೊಂದಕ್ಕೆ ಕರೆಂಟ್ ಬಂತು. ಮುಂದಿನದ್ದು ಹೇಳಬೇಕಾಗಿಲ್ಲ. ಬಿಸಿ ಮಾಡುವ ವಸ್ತುವಿನ ಪ್ಲಗ್‌ಗೆ ಈ ಸೆಟ್ಟಿಂಗ್ ಯಾವಾಗಲೂ 'ಆಫ್ ಇರಬೇಕು' ಅಂತಲೇ ಇರಲಿ. ಇನ್ನು ಕರೆಂಟ್ ಹೋದಾಗ ವೈಫೈ ರೂಟರ್ ಕೂಡ ಹೋಗುತ್ತದೆ, ಮತ್ತೆ ಎದ್ದು ನಿಲ್ಲಲು ಎರಡು ಮೂರು ನಿಮಿಷ ಬೇಕು. ರೂಟರ್ ಇನ್ವರ್ಟರ್ ಮೇಲಿರಲಿ. ಸ್ಮಾರ್ಟ್ ಪ್ಲಗ್‌ಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈಯನ್ನೇ ಹಿಡಿಯುವುದು, 5 ಹಿಡಿಯುವುದಿಲ್ಲ. ಮಗ ಕೂಡಿಸಲು ಒದ್ದಾಡಿದರೆ ಮೊದಲು ಅದನ್ನು ನೋಡಲು ಹೇಳಿ. ಕರೆಂಟ್ ಬಿಲ್‌ನ ಚಿಂತೆ ಬೇಡ. 2 ವ್ಯಾಟಿನ ಸ್ಪೀಕರ್ ಇಡೀ ತಿಂಗಳು ಆನ್ ಇದ್ದರೂ ಒಂದೂವರೆ ಯೂನಿಟ್ ಆಗುತ್ತದೆ.

ಮೈಕ್ ಬಗ್ಗೆ ಅತ್ತೆಯ ಹತ್ತಿರ ಒಂದು ಮಾತು ಕೇಳಿ. ನಮ್ಮಲ್ಲಿ ಮನೆಯ ನಿಜವಾದ ಮಾತುಕತೆ ನಡೆಯುವುದು ಅಡುಗೆಮನೆಯಲ್ಲೇ. ಸೊಸೆಯಂದಿರ ದುಃಖ, ಸಾಲದ ಲೆಕ್ಕ, ಹುಡುಗಿ ನೋಡುವ ವಿಷಯ ಎಲ್ಲ ಅಲ್ಲೇ. ಸ್ಪೀಕರ್ ತನ್ನ ಹೆಸರು ಕೇಳಿದ ಮೇಲಷ್ಟೇ ದನಿಯನ್ನು ಕಂಪನಿಗೆ ಕಳಿಸಬೇಕು, ಆದರೆ ಹೆಸರಿನ ಹಾಗೆ ಕೇಳಿಸುವ ಬೇರೆ ಮಾತಿಗೂ ಎದ್ದುಬಿಡುತ್ತದೆ. 2019ರಲ್ಲಿ, ಇಂಥ ಕೆಲವು ದನಿ ತುಣುಕುಗಳನ್ನು ಕಂಪನಿಯ ಕಡೆಯ ಮನುಷ್ಯರೇ ಕೇಳಿ ಪರಿಶೀಲಿಸುತ್ತಾರೆ ಅನ್ನುವುದು ಬಯಲಾಯಿತು. 2023ರಲ್ಲಿ ಮಕ್ಕಳ ದನಿ ಇಟ್ಟುಕೊಂಡ ವಿಷಯದಲ್ಲಿ ಅಮೆಜಾನ್ ಅಮೆರಿಕದಲ್ಲಿ 2.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಹೆದರಿಸಲು ಹೇಳುತ್ತಿಲ್ಲ. ಸ್ಪೀಕರ್ ಮೇಲೆ ಮೈಕ್ ಬಂದ್ ಮಾಡುವ ಬಟನ್ ಇರುತ್ತದೆ, ಒತ್ತಿದರೆ ಕೆಂಪು ದೀಪ ಬರುತ್ತದೆ. ಅದನ್ನು ಅತ್ತೆಗೆ ಮೊದಲ ದಿನವೇ ತೋರಿಸಿ. ಅಡುಗೆ ಮುಗಿದ ಮೇಲೆ ಒತ್ತಿಡುವುದು ಅವರ ಇಷ್ಟ.

ನಾನು ಇಷ್ಟು ಹೊತ್ತು ಬೇಡ ಬೇಡ ಅಂದೆ. ಮಾತು ಕೇಳುವ ಉಪಕರಣ ಬೇಕೇ ಬೇಕು ಅನ್ನುವ ಮನೆಗಳೂ ಇವೆ. ಕಣ್ಣು ಪೂರ್ತಿ ಕಾಣದವರಿಗೆ ಈಗಿನ ಓವನ್, ಇಂಡಕ್ಷನ್‌ಗಳು ದೊಡ್ಡ ಅನ್ಯಾಯ ಮಾಡಿವೆ. ಮುಂಚೆ ತಿರುಗಿಸುವ ನಾಬ್ ಇತ್ತು, ಬೆರಳಿಗೆ ಲೆಕ್ಕ ಸಿಗುತ್ತಿತ್ತು. ಈಗ ನುಣ್ಣನೆಯ ಗಾಜು. ಎಲ್ಲಿ ಒತ್ತಿದರೂ ಒಂದೇ ಸ್ಪರ್ಶ. ಕಣ್ಣು ಕಾಣದ ಒಬ್ಬರು ಒಂಟಿಯಾಗಿ ಅಡುಗೆ ಮಾಡುವ ಮನೆಯಲ್ಲಿ ಮಾತು ಕೇಳುವ, ತಿರುಗಿ ಉತ್ತರ ಹೇಳುವ ಮೈಕ್ರೊವೇವ್‌ಗೆ ನಾನು ಹಿಂದೆಮುಂದೆ ನೋಡದೆ ದುಡ್ಡು ಹಾಕಿ ಅನ್ನುತ್ತೇನೆ. ಕೈ ನಡುಗುವವರು, ಒಂದು ಕಡೆ ಸ್ವಾಧೀನ ಇಲ್ಲದವರು ಇರುವ ಮನೆಗೂ ಅಷ್ಟೇ. ಅವರಿಗೆ ಕೈಯೇ ಬಿಡುವಿಲ್ಲ ಅಂತಲೇ ಲೆಕ್ಕ. ಆ ಬೆಲೆಗೆ ಒಂದು ಕೆಲಸ ತಾವೇ ಮಾಡಿಕೊಂಡೆವು ಅನ್ನುವ ಸಮಾಧಾನ ಅವರಿಗೆ ಸಿಗುತ್ತದೆ.

ನಿಮ್ಮ ಅತ್ತೆಯ ಕಷ್ಟ ಅದಲ್ಲ. ಅವರಿಗೆ ನೋವಾಗುವುದು ಬಟನ್ ಒತ್ತುವಾಗಲ್ಲ, ತಿರುಚುವಾಗ, ಎತ್ತುವಾಗ. ಉಳಿಯುವ ದುಡ್ಡನ್ನು ಅಲ್ಲಿ ಹಾಕಿ. ಸಿಂಕ್‌ಗೆ ತಿರುಪಿನ ನಲ್ಲಿ ಬೇಡ, ಮಣಿಕಟ್ಟಿನಿಂದ ತಳ್ಳಬಹುದಾದ ಉದ್ದ ಹಿಡಿಯ ಲಿವರ್ ನಲ್ಲಿ ಹಾಕಿಸಿ. 5 ಲೀಟರ್ ಕುಕ್ಕರ್ ಒಂದರ ಬದಲು 3 ಮತ್ತು 2 ಲೀಟರಿನ ಎರಡು ಇರಲಿ. ಗ್ರೈಂಡರ್ ಬಗ್ಗಿಸಿ ಹಿಟ್ಟು ಸುರಿಯುವ ಟಿಲ್ಟಿಂಗ್ ಮಾದರಿ ತಗೊಳ್ಳಿ. ಇಂಡಕ್ಷನ್ ಬೇಕಾದರೆ ಗಾಜಿನ ಟಚ್ ಬೇಡ, ಒತ್ತುವ ಬಟನ್ ಇರುವುದೇ ನೋಡಿ. ಒದ್ದೆ ಬೆರಳಿಗೆ ಟಚ್ ಸರಿಯಾಗಿ ಓಗೊಡುವುದೂ ಇಲ್ಲ. ಮೈಕ್ರೊವೇವ್‌ನಲ್ಲಿ ಅತ್ತೆ ದಿನಾ ಒತ್ತುವ ಬಟನ್ ಎರಡೋ ಮೂರೋ ಇರಬಹುದು. ಅವುಗಳ ಮೇಲೆ ಉಬ್ಬಿರುವ ಕಲ್ಲಿನ ಬಿಂದಿ ಅಂಟಿಸಿ. ಶುರು ಮಾಡುವುದಕ್ಕೆ ಒಂದು ಬಿಂದಿ, ನಿಲ್ಲಿಸುವುದಕ್ಕೆ ಎರಡು. ಹತ್ತು ರೂಪಾಯಿಯಲ್ಲಿ ಕೆಲಸ ಆಯಿತು, ಕನ್ನಡಕ ಹುಡುಕುವುದು ತಪ್ಪಿತು.

ಇಷ್ಟಾದರೂ ಮಗ ಕೇಳದೆ ಒಂದಾದರೂ ತರುತ್ತೇನೆ ಅಂದರೆ, ಡಬ್ಬದ ಮೇಲೆ 'ಮ್ಯಾಟರ್' ಎಂಬ ಗುರುತು ಇರುವುದನ್ನು ತರಲು ಹೇಳಿ. ಅದು ಬೇರೆ ಬೇರೆ ಕಂಪನಿಗಳ ಸಾಧನಗಳು ಕೂಡಿ ಕೆಲಸ ಮಾಡಲೆಂದು 2022ರಲ್ಲಿ ಬಂದ, ಹಲವು ಕಂಪನಿಗಳ ಒಪ್ಪಂದದ ಭಾಷೆ. 2024ರ ಮೇ ತಿಂಗಳಲ್ಲಿ ಓವನ್, ಮೈಕ್ರೊವೇವ್, ಒಲೆ, ಚಿಮಣಿಗಳನ್ನೂ ಅದಕ್ಕೆ ಸೇರಿಸಿದರು. ಆ ಗುರುತು ಇದ್ದರೆ ನಾಳೆ ಸ್ಪೀಕರ್ ಕಂಪನಿ ಬದಲಾದರೂ ಉಪಕರಣ ದಿಕ್ಕಿಲ್ಲದೆ ಕೂರುವ ಸಾಧ್ಯತೆ ಕಡಿಮೆ.

ಕೊನೆಗೆ, ಟೈಲ್ಸ್ ಹಾಕುವ ಮೊದಲು ಆಗಲೇಬೇಕಾದ ಕೆಲಸ. ನಿಮ್ಮದು ಮೂವತ್ತು ವರ್ಷದ ಹಳೆ ವೈರಿಂಗ್. ಓವನ್‌ಗೆ ಒಂದು, ಇಂಡಕ್ಷನ್‌ಗೆ ಒಂದು ಬೇರೆ ಬೇರೆ 16 ಆಂಪ್ ಪಾಯಿಂಟ್ ಇರಲಿ. ಎರಡಕ್ಕೂ 4 ಚದರ ಮಿ.ಮೀ. ತಾಮ್ರದ ವೈರ್ ಎಳೆಸಿ, ಬೇರೆ ಬೇರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಿಸಿ. ಒದ್ದೆ ಕೈಯಲ್ಲಿ ಓಡಾಡುವ ಜಾಗ, ಹಾಗಾಗಿ 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿ ಶಾಕ್ ಹೊಡೆಯುವಂತಾದರೆ ಕೂಡಲೇ ಕಡಿಯುವ ಸ್ವಿಚ್) ಹಾಕಿಸದೆ ಬಿಡಬೇಡಿ. ಅರ್ಥಿಂಗ್ ಟೆಸ್ಟ್ ಮಾಡಿಸಿ. ಮತ್ತೊಂದು ಮಾತು ಎಲೆಕ್ಟ್ರಿಷಿಯನ್‌ಗೆ ಮರೆಯದೆ ಹೇಳಿ: ಅಡುಗೆಮನೆಯ ಪ್ರತಿ ಸ್ವಿಚ್ ಬೋರ್ಡ್‌ಗೂ ನ್ಯೂಟ್ರಲ್ ವೈರ್ (ಕರೆಂಟ್ ವಾಪಸ್ ಹೋಗುವ ತಂತಿ) ಬರಲಿ. ಹಳೆ ಮನೆಗಳಲ್ಲಿ ದೀಪದ ಸ್ವಿಚ್‌ಗೆ ಫೇಸ್ (ಕರೆಂಟ್ ಬರುವ ತಂತಿ) ಮಾತ್ರ ಎಳೆದಿರುತ್ತಾರೆ, ಸ್ಮಾರ್ಟ್ ಸ್ವಿಚ್ ಕೂಡಿಸಲು ಸಾಮಾನ್ಯವಾಗಿ ನ್ಯೂಟ್ರಲ್ ಬೇಕಾಗುತ್ತದೆ. ಈಗ ಎಳೆದರೆ ಕೆಲವು ಮೀಟರ್ ವೈರಿನ ಖರ್ಚು. ಈಗ ಬಿಟ್ಟು, ಎರಡು ವಾರದ ಮೇಲೆ ಅತ್ತೆಗೆ ಮಾತಾಡುವುದು ಹಿಡಿಸಿ, ದೀಪಕ್ಕೂ ಬೇಕು ಅಂದರೆ, ಹೊಸ ಟೈಲ್ಸ್ ಒಡೆಯಬೇಕಾಗುತ್ತದೆ. ನಾಳೆ ಬೆಳಿಗ್ಗೆಯೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿಬಿಡಿ.